ಮುಗಿಲಿನ ಮೂರು ಗೆರೆ

ಕ್ಯಾಮೆರಾ ತೀರಾ ಹೊಸದರ ಹಾಗಿತ್ತು. ದಾನೇಶ್ವರಿಗೆ ಮೊದಲು ಅನುಮಾನ ಬಂದದ್ದೇ ಅದರಿಂದ.

ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ ಹೇಗಿರುತ್ತದೆಂದು ಅವಳಿಗೆ ಗೊತ್ತು. ಹಿಡಿಕೆಯ ರಬ್ಬರು ಬೆವರು ಕುಡಿದು ಊದಿಕೊಂಡಿರುತ್ತದೆ. ಗುಂಡಿಗಳ ಸಂದಿಯಲ್ಲಿ ಅರಿಶಿನ ಕೂತಿರುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ಅಕ್ಷತೆಯ ಅಕ್ಕಿಕಾಳಾದರೂ ಸಿಕ್ಕಿಕೊಂಡಿರುತ್ತದೆ. ಇದರ ಸಂದಿಯಲ್ಲೂ ಅರಿಶಿನ ಇತ್ತು, ನಿಜ. ಆದರೆ ಇದುವರೆಗೆ ಎಷ್ಟು ಫೋಟೋ ತೆಗೆದಿದೆ ಎಂದು ಒಳಗಿನ ಲೆಕ್ಕ ನೋಡಿದರೆ ಬರೀ ಒಂಬತ್ತು ಸಾವಿರ ಚಿಲ್ಲರೆ.

"ಒಂದು ಲಗ್ನಕ್ಕ ಮೂರು ಸಾವಿರ ಫೋಟೋ ಹೊಡೀತೀರಿ ನೀವು. ಮೂರು ವರ್ಷದಾಗ ಮೂರೇ ಲಗ್ನ ಮಾಡೀಯೇನಲೇ?" ಎಂದಳು.

ಮಲ್ಲೇಶ ನಕ್ಕ. ಮಾನ್ವಿಯಲ್ಲಿ ಅವನ ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ರಾಯಚೂರಿನ ಕಾಲೇಜಿನಲ್ಲಿ ಇಬ್ಬರೂ ಹಿಂದುಮುಂದಿನ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಓದಿದವರು. ಅವನು ಎರಡನೇ ವರ್ಷಕ್ಕೆ ಬಿಟ್ಟು ಮದುವೆ ಫೋಟೋಗೆ ಇಳಿದ. ಅವಳು ಓದು ಮುಗಿಸಿ ರಾಯಚೂರಿನ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಟೀಚರಾದಳು. ಕ್ಯಾಮೆರಾ ಹಿಡಿಯುವುದನ್ನು ಅವಳಿಗೆ ಕಲಿಸಿದ್ದೂ ಇವನೇ.

"ನೀ ಬಂದ್ರ ಸಾಕು, ಇಲ್ಲೇ ಪೊಲೀಸ್ ಸ್ಟೇಷನ್ ತೆರೀತಿ ಮಾರಾಯ್ತಿ," ಎಂದ. "ಇದನ್ನ ವಿಡಿಯೋಕ್ಕ ಅಂತ ಇಟ್ಟಿದ್ದೆ. ಫೋಟೋ ಎಲ್ಲಾ ನಮ್ಮ ಮುನ್ನಾ ಬ್ಯಾರೆ ಕ್ಯಾಮೆರಾದಾಗ ಹೊಡೀತಾನ. ವಿಡಿಯೋ ಹಿಡಿದ್ರ ಆ ಲೆಕ್ಕ ಏರಂಗಿಲ್ಲ. ವಿಜ್ಞಾನ ಟೀಚರು ನೀನು, ನಿಂಗ ನಾ ಹೇಳ್ಬೇಕಾ?"

ಉತ್ತರ ಸರಿಯಾಗಿತ್ತು. ಕೇಳುವ ಮೊದಲೇ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಷ್ಟು ಸರಿಯಾಗಿತ್ತು. ಪ್ರಶ್ನೆಪತ್ರಿಕೆ ಮುಂಚೆಯೇ ನೋಡಿ ಬಂದ ಹುಡುಗರು ಹೀಗೇ ಉತ್ತರ ಹೇಳುತ್ತಾರೆ.

"ಮತ್ತ ಇಷ್ಟು ಸಸ್ತಾ ಯಾಕ ಕೊಡ್ತಿ? ಅಂಗಡ್ಯಾಗ ಹಳೇದಕ್ಕೂ ಇದರ ಎರಡು ಪಟ್ಟು ಕೇಳ್ತಾರ."

"ಗೆಳತಿ ಅಂತ."

ಆ ಉತ್ತರವಂತೂ ಅವಳಿಗೆ ಸ್ವಲ್ಪವೂ ಸೇರಲಿಲ್ಲ.

ಬೇಕೆನ್ನುವುದು ಮಾತ್ರ ಅವಳಿಗೆ ಜೋರಾಗಿಯೇ ಇತ್ತು. ರಾಯಚೂರಿನ ಅಕ್ಕಿ ಮಿಲ್ಲಿನ ಜಂಬಣ್ಣ ಪ್ರತಿ ವರ್ಷ ಹತ್ತು ಸಾವಿರ ಕ್ಯಾಲೆಂಡರ್ ಹಂಚುತ್ತಾರೆ. ಹನ್ನೆರಡು ತಿಂಗಳಿಗೆ ಹನ್ನೆರಡು ದೇವರು. ಈ ಸಲ ದೇವರ ಬದಲು ನಮ್ಮ ಜಿಲ್ಲೆಯ ಗುಡ್ಡ, ಹೊಳೆ, ಭತ್ತದ ಗದ್ದೆ ಹಾಕಿ ಎಂದು ದಾನೇಶ್ವರಿ ಮೂರು ಸಲ ಮಿಲ್ಲಿಗೆ ಅಲೆದು ಕೇಳಿದ್ದಳು. "ಕಲ್ಲುಗುಡ್ಡದ ಮುಂದ ಯಾರು ಊದಿನಕಡ್ಡಿ ಹಚ್ತಾರವ್ವಾ?" ಎಂದು ಜಂಬಣ್ಣ ಮೊದಲೆರಡು ಸಲ ನಕ್ಕು ಕಳಿಸಿದ್ದರು. ಮೂರನೇ ಸಲ ಒಪ್ಪಿಕೊಂಡರು. ಕರಾರು ಎರಡೇ: ಫೋಟೋ ಎರಡು ಅಡಿ ಎತ್ತರಕ್ಕೆ ಹಿಗ್ಗಿಸಿದರೂ ಒಡೆಯಬಾರದು, ಒಂದೊಂದು ಜಾಗದ್ದೂ ಒಂದೊಂದು ನಿಮಿಷದ ವಿಡಿಯೋ ಬೇಕು, ಫೋನಿನಲ್ಲಿ ಗಿರಾಕಿಗಳಿಗೆ ಕಳಿಸಲು. "ದೀಪಾವಳಿಗಿಂತ ಮೊದ್ಲ ನನ್ನ ಟೇಬಲ್ ಮ್ಯಾಲ ಇರ್ಬೇಕು. ಇಲ್ಲಾಂದ್ರ ಲಕ್ಷ್ಮೀ ಫೋಟೋ ಹೆಂಗಿದ್ರೂ ರೆಡಿ ಅದ."

ಪ್ರತಿ ಹಾಳೆಯ ಕೆಳಗೂ ಅವಳ ಹೆಸರು ಅಚ್ಚಾಗುವುದಿತ್ತು. ಅದನ್ನು ಕೇಳಿ ಅವಳ ತಾಯಿ ಯಮನಮ್ಮ ಹಸನು ಮಾಡುತ್ತಿದ್ದ ತೊಗರಿಬೇಳೆಯ ಮೊರವನ್ನು ಕೆಳಗಿಟ್ಟಿದ್ದಳು. "ಜಂಬಣ್ಣನ ಕ್ಯಾಲೆಂಡರ್ ಅಂದ್ರ ಮಂದಿ ಪಡಸಾಲ್ಯಾಗ ಕಟ್ತಾರ," ಎಂದಿದ್ದಳು. "ಅರಕೇರಾದಾಗ ಕಲ್ಲು ಒಡೆಯೋಕ ಹೋದಾಗ ನಾ ಎಷ್ಟು ಮನಿ ಅಂಗಳದಾಗ ಕುಂತೀನಿ. ಒಂದು ಪಡಸಾಲಿ ಒಳಗ ಹೋದಾಕಿ ಅಲ್ಲ. ನಿನ್ನ ಹೆಸರು ಹೋಗ್ತದಲ್ಲ, ಹೋಗ್ಲಿ."

ಮೊದಲ ಸಂಬಳದಲ್ಲಿ ಕೊಂಡ ಹಳೆಯ ಕ್ಯಾಮೆರಾ ಈ ಕೆಲಸಕ್ಕೆ ಸಾಲುತ್ತಿರಲಿಲ್ಲ. ಸಂಜೆಯ ಮುಗಿಲನ್ನು ಹಿಗ್ಗಿಸಿದರೆ ರವೆ ಉದುರಿಸಿದ ಹಾಗೆ ಕಾಣುತ್ತಿತ್ತು. ಅವಳು ತಿಂಗಳಿಡೀ ಯೂಟ್ಯೂಬಿನಲ್ಲಿ ಯಾರು ಯಾರೋ ಹೇಳುವುದನ್ನು ಕೇಳಿದಳು. ಅವರೆಲ್ಲ ಹಿಮದಲ್ಲಿ ನಿಂತೋ ಸಮುದ್ರದ ದಂಡೆಯಲ್ಲಿ ನಿಂತೋ ಕ್ಯಾಮೆರಾ ಪರೀಕ್ಷೆ ಮಾಡುತ್ತಿದ್ದರು. ಒಬ್ಬನಾದರೂ ರಾಯಚೂರಿನ ಬಿಸಿಲಿಗೆ ಬಂದು ಮಾತಾಡಲಿಲ್ಲ. ಹೊಸದನ್ನು ತಗೊಂಡರೆ ಅವಳ ಕೈಗೆಟಕುವುದು ಸಣ್ಣ ಸೆನ್ಸರಿನದು ಮಾತ್ರ. ಸೆನ್ಸರ್ ಎಂದರೆ ಬೆಳಕು ಬಿದ್ದು ಚಿತ್ರ ಮೂಡುವ ಒಳಗಿನ ಫಲಕ. ಅದು ದೊಡ್ಡದಿದ್ದಷ್ಟೂ ಮುಗಿಲು ನುಣುಪು. ದೊಡ್ಡ ಸೆನ್ಸರಿನದು ಬೇಕೆಂದರೆ ಯಾರೋ ಬಳಸಿ ಬಿಟ್ಟದ್ದನ್ನೇ ಕೊಳ್ಳಬೇಕು. ಆಗ ಮಲ್ಲೇಶನ ಫೋನು ಬಂದಿತ್ತು.

"ಒಂದು ದಿನ ಒಯ್ದು ನೋಡ್ತೀನಿ," ಎಂದಳು ಈಗ.

"ಇಲ್ಲೇ ನೋಡು. ಗ್ವಾಡಿ ಅದ, ಫ್ಯಾನ್ ಅದ, ನಾ ಅದೀನಿ."

"ನಿನ್ನ ಮಾರಿ ಏನು ಗುಡ್ಡ ಏನಲೇ?"

ಮಲ್ಲೇಶ ಲೆನ್ಸಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದ. ಆಮೇಲೆ ಅವಳು ಜತೆಗೆ ತಂದಿದ್ದ ಹಳೆಯ ಕ್ಯಾಮೆರಾವನ್ನು ತನ್ನ ಡ್ರಾಯರಿನಲ್ಲಿಟ್ಟು ಕೀಲಿ ಹಾಕಿ, ಇದನ್ನು ಅವಳ ಕೈಗಿಟ್ಟ. ನಂಬಿಕೆಯೇನೋ ಇದೆ, ಆದರೂ ಇರಲಿ, ಎನ್ನುವವರ ಹಾಗೆ. ಅವಳು ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗಿದ: "ಭಾಳ ಹೊತ್ತು ವಿಡಿಯೋ ಹಿಡೀಬ್ಯಾಡ ಮತ್ತ. ಬ್ಯಾಟ್ರಿ ಹಳೇದು."

ಬ್ಯಾಟರಿ ಹೊಸದಿತ್ತು. ಅದರ ಮೇಲಿನ ತಿಂಗಳು, ವರ್ಷ ಎರಡನ್ನೂ ಅವಳು ಆಗಲೇ ಓದಿಕೊಂಡಿದ್ದಳು. ಸ್ಕೂಟಿ ಹತ್ತುವಾಗ ಆ ಮಾತನ್ನು ಜೋಪಾನವಾಗಿ ಒಂದು ಕಡೆ ಎತ್ತಿಟ್ಟುಕೊಂಡಳು.

ಮರುದಿನ ಬೆಳಿಗ್ಗೆ ಆರಕ್ಕೆ ಅರಕೇರಾದ ಆಚೆ ಇದ್ದಳು. ರಸ್ತೆಯ ಬಲಕ್ಕೆ ಒಂದರ ಹೆಗಲ ಮೇಲೊಂದು ಕೂತ ಎರಡು ಬಂಡೆ. ಕೆಳಗೆ ಹೂ ಬಿಟ್ಟ ತೊಗರಿ. ದೂರದಲ್ಲಿ ದೇವದುರ್ಗದ ಕಡೆಯ ಗುಡ್ಡಸಾಲು. ದಸರಾ ರಜೆಯ ಕೊನೆಯ ವಾರ, ಮಳೆ ತೊಳೆದು ಹೋದ ಮುಗಿಲು. ಹತ್ತಿರದ ತೊಗರಿ ಹೂವು, ದೂರದ ಗುಡ್ಡ ಎರಡೂ ಸ್ಪಷ್ಟವಾಗಿ ಬರಬೇಕೆಂದರೆ ಲೆನ್ಸಿನ ಕಿಂಡಿಯನ್ನು ತೀರಾ ಸಣ್ಣದು ಮಾಡಬೇಕು. ಹಾಗೆ ಮಾಡಿ, ಸ್ಟ್ಯಾಂಡಿನ ಮೇಲಿಟ್ಟು, ಉಸಿರು ಹಿಡಿದು ಒತ್ತಿದಳು. ಶಟರಿನ ಸದ್ದು ಬಾಗಿಲಿಗೆ ಎಣ್ಣೆ ಬಿಟ್ಟಂತೆ ಮೆತ್ತಗಿತ್ತು. ಬಂಡೆಯ ನೆರಳಿನೊಳಗಿನ ಪಾಚಿಯೂ ಕಾಣುತ್ತಿತ್ತು. ಒಂದು ಗಂಟೆಯ ಹೊತ್ತು ಅವಳಿಗೆ ಯಾರ ಮೇಲೂ ಅನುಮಾನ ಬರಲಿಲ್ಲ.

ಹಿಂದಿರುಗುವಾಗ ಸಿರವಾರದ ಹೋಟೆಲೊಂದರಲ್ಲಿ ಮಂಡಕ್ಕಿ ಮಿರ್ಚಿ ಹೇಳಿ ಲ್ಯಾಪ್‌ಟಾಪ್ ತೆರೆದಳು. ಮೊದಲ ಫೋಟೋ ತುಂಬಿಕೊಂಡಿತು. ಮಿರ್ಚಿಗೆ ಹೋದ ಕೈ ಅಲ್ಲೇ ನಿಂತಿತು.

ಮುಗಿಲಿನಲ್ಲಿ ಮೂರು ಗೆರೆಗಳಿದ್ದವು. ಬೂದು ಬಣ್ಣದ, ಅಂಚು ಮಸುಕಾದ, ಅಡ್ಡಕ್ಕೆ ಒಂದರ ಕೆಳಗೊಂದು. ನಡುವಿನ ಗೆರೆಯ ಮೇಲೆ ಒಂದು ಚುಕ್ಕೆಯಷ್ಟು ಕಪ್ಪು.

ವಿದ್ಯುತ್ ತಂತಿ ಇರಬೇಕೆಂದುಕೊಂಡಳು. ಎರಡನೇ ಫೋಟೋದಲ್ಲೂ ಅದೇ ಜಾಗದಲ್ಲಿ ಮೂರು ಗೆರೆ. ಹತ್ತನೆಯದರಲ್ಲೂ. ಇನ್ನೊಂದು ಲೆನ್ಸ್ ಹಾಕಿ ತೆಗೆದದ್ದರಲ್ಲೂ. ಅಂದರೆ ದೋಷ ಲೆನ್ಸಿನದಲ್ಲ, ಸೆನ್ಸರಿನದು. ಕಿಂಡಿ ಅಗಲ ಮಾಡಿ ತೆಗೆದ ಒಂದೆರಡರಲ್ಲಿ ಮಾತ್ರ ಗೆರೆಗಳು ಕರಗಿ ಹೋಗಿದ್ದವು. ಮದುವೆಯವರು ಕಿಂಡಿಯನ್ನು ಪೂರ್ತಿ ತೆರೆದೇ ಹಿಡಿಯುತ್ತಾರೆ, ಮದುಮಗಳ ಮುಖ ಬಿಟ್ಟು ಉಳಿದದ್ದೆಲ್ಲ ಮಸುಕಾಗಲೆಂದು. "ಇಲ್ಲೇ ನೋಡು" ಎಂದಿದ್ದು ಯಾಕೆಂದು ಈಗ ತಿಳಿಯಿತು. ಅವನ ಕತ್ತಲೆ ಕೋಣೆಯಲ್ಲಿ ಕಿಂಡಿ ಅಗಲ ಮಾಡದೆ ಗತಿಯಿಲ್ಲ. ಅಲ್ಲಿ ನೋಡಿದ್ದರೆ ಕ್ಯಾಮೆರಾ ಚೊಕ್ಕಟವಾಗಿಯೇ ಕಾಣುತ್ತಿತ್ತು.

ತಿನ್ನದ ಮಿರ್ಚಿಗೆ ದುಡ್ಡು ಕೊಟ್ಟು ಅವಳು ನೇರವಾಗಿ ಮಾನ್ವಿಗೆ ಬಂದಳು.

ಮಲ್ಲೇಶ ಲ್ಯಾಪ್‌ಟಾಪಿನ ಮೇಲೆ ಬಗ್ಗಿದ. ಒಂದು, ಎರಡು, ಹತ್ತು ಫೋಟೋ ಸರಿಸಿದ. ಅವನ ಕಿವಿ ಕೆಂಪಾಯಿತು.

"ನಂಗ ಗೊತ್ತಿಲ್ಲ," ಎಂದ.

"ಗೊತ್ತಿಲ್ಲದ್ದಕ್ಕ ಅರ್ಧ ರೇಟಿಗೆ ಕೊಡಾಕತ್ತಿದ್ದಿ?"

"ದಾನಿ, ಖರೇ ಹೇಳ್ತೀನಿ, ನನ್ನ ವಿಡಿಯೋದಾಗ ಇದು ಒಮ್ಮೆಯೂ ಬಂದಿಲ್ಲ. ಒಂದು ದಿನ ನಿನ್ನ ಹತ್ರ ಇತ್ತು. ಬಯಲಾಗ ಲೆನ್ಸ್ ಬಿಚ್ಚಿ ಹಾಕೀಯಲ್ಲ? ಕೈ ಗೀ ತಾಗಿಸಿದಿ ಏನು?"

"ನನ್ನ ಕೈ?"

"ನಿಮ್ಮಂಥ ಮಂದಿ ಕೈಗೆ ಕೊಟ್ಟಿದ್ದು ನಂದೇ ತಪ್ಪು."

"ಯಾವ ಮಂದಿಲೇ?" ಎಂದಳು ದಾನೇಶ್ವರಿ. ದನಿ ಏರಲಿಲ್ಲ.

"ಹವ್ಯಾಸಿ ಮಂದಿ," ಎಂದ ಮಲ್ಲೇಶ. "ಶೋಕಿಗೆ ಫೋಟೋ ತೆಗಿಯೋ ಮಂದಿ. ಮತ್ತ ಯಾರು ಅಂದ್ಕೊಂಡಿ?"

ಅವನು ಹೇಳಿದ್ದು ಅದೇ ಇರಬಹುದು. ಹದಿನೈದು ವರ್ಷದ ಗೆಳೆತನ, ಇಲ್ಲೀತನಕ ಅವನ ಬಾಯಲ್ಲಿ ಅಂಥ ಮಾತು ಬಂದದ್ದಿಲ್ಲ. ಆದರೂ ನಿನ್ನೆ ಇದೇ ಕೋಣೆಯಲ್ಲಿ ಅವನಿಗೆ ಸ್ಟೀಲ್ ಲೋಟದಲ್ಲೂ ತನಗೆ ಕಾಗದದ ಕಪ್ಪಿನಲ್ಲೂ ಚಹಾ ಬಂದದ್ದನ್ನು ಅವಳು ಎಣಿಸದೆ ಬಿಟ್ಟಿರಲಿಲ್ಲ. ಗಿರಾಕಿಗಳಿಗೆಲ್ಲ ಕಾಗದದ ಕಪ್ಪೇ ಇರಬಹುದು. ಈ 'ಇರಬಹುದು'ಗಳನ್ನು ಹೊತ್ತು ಹೊತ್ತು ಅವಳ ಮನಸ್ಸು ಸೋತಿತ್ತು.

ಆಗ ಒಳಗಿನ ಬಾಗಿಲಿನ ಪರದೆ ಸರಿಯಿತು. ಮಲ್ಲೇಶನ ತಾಯಿ ವೀರಭದ್ರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಮಗನನ್ನು ಊಟಕ್ಕೆ ಕರೆಯಲು ಬಂದಿದ್ದರು. ಹಣೆಯ ತುಂಬ ವಿಭೂತಿ. ಅವರ ಕಣ್ಣು ಲ್ಯಾಪ್‌ಟಾಪಿನ ಮೇಲೆ ಬಿತ್ತು. ನಿಂತಲ್ಲೇ ಎರಡೂ ಕೈ ಜೋಡಿಸಿದರು.

"ಯಪ್ಪಾ ಶಿವನೇ! ಮುಗಿಲಿಗೆ ಇಬತ್ತಿ!"

"ಯವ್ವಾ, ಸುಮ್ನಿರು. ಅದು ಡ್ಯಾಮೇಜು."

"ಡ್ಯಾಮೇಜು ನಿನ್ನ ಮಾರಿ. ಮೂರು ಗೆರಿ, ನಡುವ ಕುಂಕುಮ. ನಾ ಹಚ್ಚಿದ್ದು ನಂಗ ಗುರ್ತು ಹತ್ತಂಗಿಲ್ಲೇನು?"

ಇಬ್ಬರೂ ಅವರ ಕಡೆ ತಿರುಗಿದರು.

"ಎಲ್ಲಿ ಹಚ್ಚಿದ್ರಿ ಯವ್ವಾ?" ಎಂದಳು ದಾನೇಶ್ವರಿ, ಮೆಲ್ಲಗೆ, ತಪ್ಪು ಉತ್ತರ ಬರೆದ ಹುಡುಗಿಯನ್ನು ಕೇಳುವಂತೆ.

"ಎಲ್ಲಿ ಅಂದ್ರ? ಕಣ್ಣಾಗ. ಮಾನೌಮಿ ಖಂಡೇಪೂಜಿ ದಿನ ಇವ ಎಲ್ಲಾ ಬಿಚ್ಚಿ, ಒರಸಿ, ಮಣಿ ಮ್ಯಾಲ ಸಾಲಾಗಿ ಇಟ್ಟಿದ್ದ. ಸ್ಟ್ಯಾಂಡಿಗೆ ಹಚ್ಚಿದೆ, ಲೈಟಿಗೆ ಹಚ್ಚಿದೆ. ಇದು ಬಾಯಿ ತಕ್ಕೊಂಡು ಕುಂತಿತ್ತು. ಮೂರು ಬೆರಳು ಕೂಡಿ ಒಳಗ ಹೋಗ್ಲಿಲ್ಲ. ಊದಿನಕಡ್ಡಿ ಹಿಂದಿನ ತುದಿ ಇಬತ್ತಿ ನೀರಾಗ ಅದ್ದಿ ಮೂರು ಗೆರಿ ಎಳದೆ." ಆಯುಧಪೂಜೆಯ ದಿನ ಎಳೆದದ್ದನ್ನು ಗಾಳಿಯಲ್ಲಿ ಕಡ್ಡಿ ಹಿಡಿದಂತೆ ಎಳೆದೂ ತೋರಿಸಿದರು.

ಮಲ್ಲೇಶ ತಲೆಯ ಮೇಲೆ ಕೈ ಹೊತ್ತು ಕುರ್ಚಿಯಲ್ಲಿ ಕುಸಿದ. "ಯವ್ವಾ, ಸೆನ್ಸರ್ ಮ್ಯಾಲಾ?"

"ಹಳೇದಕ್ಕೂ ವರ್ಷಾ ವರ್ಷ ಒಳಗೇ ಹಚ್ತಿದ್ದೆ. ಏನಾತು ಅದಕ್ಕ? ಹತ್ತು ವರ್ಷ ದುಡೀತು."

ಹಳೆಯದಕ್ಕೆ ಏನೂ ಆಗದಿರಲು ಕಾರಣ ದಾನೇಶ್ವರಿಗೆ ತಕ್ಷಣ ಹೊಳೆಯಿತು. ಹಳೆಯ ಕಾಲದ ಕ್ಯಾಮೆರಾದ ಬಾಯಿ ತೆರೆದರೆ ಎದುರಿಗೆ ಒಂದು ಕನ್ನಡಿ ಇರುತ್ತದೆ, ಸೆನ್ಸರ್ ಅದರ ಹಿಂದೆ ಅಡಗಿ ಕೂತಿರುತ್ತದೆ. ಈ ತಾಯಿ ಹತ್ತು ವರ್ಷ ಕನ್ನಡಿಗೆ ವಿಭೂತಿ ಹಚ್ಚಿದ್ದರು, ಚಿತ್ರಕ್ಕೆ ಅದು ತಾಗಲೇ ಇಲ್ಲ. ಹೊಸದರಲ್ಲಿ ಕನ್ನಡಿಯೇ ಇಲ್ಲ. ಕಡ್ಡಿ ನೇರ ಕಣ್ಣುಗುಡ್ಡೆಗೇ ಹೋಗಿದೆ.

ಆದರೆ ಒಂದು ಸಂಗತಿ ಇನ್ನೂ ಕೂಡಲಿಲ್ಲ. "ಇದು ಮೂರು ವರ್ಷದಿಂದ ಮನ್ಯಾಗ ಅದ. ಹೋದ ಮಾನೌಮಿಗಿ ಇದರ ಒಳಗ ಹಚ್ಚಿರ್ಲಿಲ್ಲೇನು?"

"ಹಿಂದಿನ ಎರಡೂ ಸಲ ಮುಚ್ಚಿ ಇಟ್ಟಿದ್ದ, ಮ್ಯಾಲೇ ಹಚ್ಚಿದ್ದೆ. ಅದಕ್ಕೇ ಅಲ್ಲೇನವ್ವಾ ಅದು ಕಣ್ಣು ಮುಚ್ಚಾಕತ್ತಿದ್ದು!"

ಮಲ್ಲೇಶ ಕೆಮ್ಮಿದ. "ಯವ್ವಾ, ನಡಿ, ಊಟಕ್ಕ ನೀಡು."

"ಕಣ್ಣು ಮುಚ್ಚೋದು ಅಂದ್ರ ಹೆಂಗ್ರಿ?" ದಾನೇಶ್ವರಿ ತನ್ನ ಕುರ್ಚಿಯನ್ನು ವೀರಭದ್ರಮ್ಮನ ಕಡೆ ಎಳೆದುಕೊಂಡಳು.

"ಇವ ಹೇಳಿಲ್ಲೇನು? ಬ್ಯಾಸಿಗ್ಯಾಗ ಚಂದ್ರಬಂಡದ ಲಗ್ನ. ಉರಿ ಬಿಸಿಲು, ತಗಡಿನ ಚಪ್ಪರ. ಅಕ್ಷತಿ ಬೀಳೋ ಹೊತ್ತಿಗೆ ಸರಿಯಾಗಿ ಇದು ಕಣ್ಣು ಮುಚ್ಚಿಬಿಡ್ತು. ತಾಳಿ ಕಟ್ಟಿದ್ದು ವಿಡಿಯೋದಾಗ ಇಲ್ಲೇ ಇಲ್ಲ. ಬೀಗರು ಇವನ್ನ ಹೊಡಿಯೋಕೇ ಬಂದಿದ್ರು. ಯಾರದೋ ದೃಷ್ಟಿ ಅಂತ ನಾ ಈ ಸಲ ಒಳಗೇ ಹಚ್ಚಿದೆ."

ದಾನೇಶ್ವರಿ ಮಲ್ಲೇಶನನ್ನು ನೋಡಿದಳು. ಅವನು ಫ್ಯಾನನ್ನು ನೋಡಿದ.

"ಬ್ಯಾಟ್ರಿ ಹಳೇದು," ಎಂದಳು.

"ಹೀಟಿಗೆ ಬಂದ್ ಆಗ್ತದ," ಎಂದ ಅವನು ಕೊನೆಗೆ. "ಇಪ್ಪತ್ತು, ಇಪ್ಪತ್ತೈದು ನಿಮಿಷ ಎಡಬಿಡದೆ ವಿಡಿಯೋ ಹಿಡಿದ್ರ ಬಂದ್. ಬ್ಯಾಸಿಗ್ಯಾಗ ಹತ್ತಕ್ಕೇ ಬಂದ್. ಆ ಲಗ್ನ ಆದ ಮ್ಯಾಲ ನಾ ಅದನ್ನ ಕೈಯಾಗ ಹಿಡೀಲಿಲ್ಲ. ನಿಂಗ ಹೇಳಿದ್ರ ನೀ ತಗೊಳ್ಳಂಗಿಲ್ಲ ಅಂತ ಹೇಳ್ಲಿಲ್ಲ. ಆದ್ರ ಲೇ, ನೀನೇ ವಿಚಾರ ಮಾಡು. ತಾಳಿ ಎರಡನೇ ಸಲ ಕಟ್ಟಂಗಿಲ್ಲ. ಗುಡ್ಡ ಎಲ್ಲಿಗಿ ಓಡಿ ಹೋಗ್ತದ? ನಿಂಗ ಬೇಕಿರೋದು ಒಂದೊಂದು ನಿಮಿಷದ ವಿಡಿಯೋ. ನಂಗ ಇದು ಕಂಟಕ, ನಿಂಗ ಇದು ಬಂಗಾರ."

ಅವಳಿಗೆ ಸಿಟ್ಟು ಬಂದದ್ದು ಅವನು ಸುಳ್ಳು ಹೇಳಿದ್ದಕ್ಕಲ್ಲ. ಅವನ ಲೆಕ್ಕ ಸರಿಯಿತ್ತು, ಅದಕ್ಕೆ. ತಿಂಗಳಿಡೀ ಕೇಳಿದ ಹಿಮದ ಮನುಷ್ಯರು ಯಾರೂ ಇಷ್ಟು ನೆಟ್ಟಗೆ ಹೇಳಿಕೊಟ್ಟಿರಲಿಲ್ಲ. ಅವಳು ಪಟ್ಟ ಅನುಮಾನ ಸುಳ್ಳಾಗಿರಲಿಲ್ಲ. ಅವನೊಂದು ಮುಚ್ಚಿಟ್ಟಿದ್ದ, ಅವಳು ಹಿಡಿದದ್ದು ಇನ್ನೊಂದನ್ನು.

"ಗೆರಿ ಹೋಗ್ತಾವೇನು ನೋಡೋಣು," ಎಂದಳು. "ಒರಸೋ ಕಡ್ಡಿ ಅದಾವಿಲ್ಲ?"

ಸೆನ್ಸರ್ ಒರೆಸಲೆಂದೇ ಬರುವ ಚಪ್ಪಟೆ ಬಟ್ಟೆಯ ಕಡ್ಡಿಗಳ ಪೊಟ್ಟಣವೊಂದು ಡ್ರಾಯರಿನ ತಳದಲ್ಲಿತ್ತು. ಮಲ್ಲೇಶ ಒಂದನ್ನು ಹರಿದ, ದ್ರವದ ಎರಡು ಹನಿ ಬಿಟ್ಟ, ಕ್ಯಾಮೆರಾದ ಬಾಯಿ ತೆರೆದ. ಅಲ್ಲಿಗೇ ಅವನ ಕೈ ನಿಂತಿತು.

"ಯವ್ವಾ, ಒರಸ್ಲಾ?"

"ಹಚ್ಚಿದ ಇಬತ್ತಿ ಒರಸು ಅಂತ ನಾ ಹೆಂಗ ಹೇಳ್ಲಿ?"

"ಹಂಗಾರ ಹೆಂಗ?"

ವೀರಭದ್ರಮ್ಮ ಮಗನನ್ನು ನೋಡಿದರು, ಆಮೇಲೆ ದಾನೇಶ್ವರಿಯನ್ನು. "ತಂಗೀ, ನೀನೇ ಒರಸಿಬಿಡು. ನಿಮಗೇನು ನಡೀತದ."

ಮಲ್ಲೇಶನಿಗೆ ಸಮಾಧಾನವಾದದ್ದು ಮುಖದ ಮೇಲೇ ಕಂಡಿತು. ಕಡ್ಡಿಯನ್ನು ಅವಳತ್ತ ಚಾಚಿದ.

ದಾನೇಶ್ವರಿ ಅದನ್ನು ತಗೊಳ್ಳಲಿಲ್ಲ. ನಿಮಗೇನು ನಡೀತದ. ದೇವರನ್ನು ನಂಬದ ಟೀಚರಿಗೆ ನಡೆಯುತ್ತದೆ ಎಂದೋ? ಮನೆಯಲ್ಲಿ ಬುದ್ಧನ ಪಟ ಇಟ್ಟವರಿಗೆ ಎಂದೋ? ಅಥವಾ ತಾವು ಮುಟ್ಟಲಾರದ ಕೆಲಸವನ್ನು ಮಾಡಲು ಅವಳ ಅಜ್ಜಿಯನ್ನು, ಅವ್ವನನ್ನು ಅಂಗಳಕ್ಕೆ ಕರೆಯುತ್ತಿದ್ದರಲ್ಲ, ಹಾಗೋ? ಎದ್ದು ಹೋಗಿಬಿಡಬೇಕೆನಿಸಿತು. ಎದ್ದು ಹೋದರೆ ದೀಪಾವಳಿಗೆ ಎಂಟು ದಿನ, ಜಂಬಣ್ಣನ ಟೇಬಲ್ಲಿನ ಮೇಲೆ ಲಕ್ಷ್ಮಿ ರೆಡಿ.

"ಯವ್ವಾ, ನನ್ನ ಫೋನ್ ಲೈಟು ಹಿಡೀರಿ," ಎಂದಳು. "ಹತ್ರ ಬರ್ರಿ. ಇಲ್ಲಿ, ನನ್ನ ಹೆಗಲಿಗೆ ಹೆಗಲು ಹಚ್ಚಿ ಕೂಡ್ರಿ. ಬೆಳಕು ಅಲ್ಲಾಡಬಾರದು. ನೀವು ಬೆಳಕು ಹಿಡಿದ್ರಷ್ಟೇ ನಾ ಒರಸ್ತೀನಿ."

ಮುದುಕಿ ಅನುಮಾನಿಸಿದರು. ಹೆಗಲು ತಾಗಿಸಲಿಕ್ಕೋ, ಬೆಳಕು ಹಿಡಿಯಲಿಕ್ಕೋ, ದಾನೇಶ್ವರಿಗೆ ತಿಳಿಯಲಿಲ್ಲ. ಆಮೇಲೆ ಬಂದು ಕೂತರು. ಅವರ ಮೈಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಬೆಳಕು ಸ್ವಲ್ಪವೂ ಅಲ್ಲಾಡಲಿಲ್ಲ.

ಮೂರು ಕಡ್ಡಿ ಹಿಡಿದವು. ಪ್ರತಿ ಸಲವೂ ಹೊರಗೆ ಹೋಗಿ ಬರೀ ಮುಗಿಲಿನ ಫೋಟೋ ತೆಗೆದು ಬಂದು ನೋಡುವುದು. ಮೊದಲ ಗೆರೆ ಹೋಯಿತು. ಕುಂಕುಮ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಹೋಗಲಿಲ್ಲ. ಅದು ವಿಭೂತಿಯಲ್ಲ, ಊದಿನಕಡ್ಡಿಯ ತುದಿ ಗಾಜನ್ನು ಕೆರೆದ ಗೀರು. ಫೋಟೋದ ಮೇಲಂಚಿನ ಹತ್ತಿರ ಕೂದಲೆಳೆಯಂತೆ ಕೂತಿತ್ತು.

"ಉಳೀತು ನೋಡು," ಎಂದರು ವೀರಭದ್ರಮ್ಮ. ದನಿಯಲ್ಲಿ ಎಲ್ಲೋ ಒಂದು ಚೂರು ಗೆಲುವಿತ್ತು.

"ಎರಡು ಸಾವಿರ ಬಿಡು," ಎಂದಳು ದಾನೇಶ್ವರಿ ಮಲ್ಲೇಶನಿಗೆ. "ಒಂದು ಗೀರಿಗೆ, ಒಂದು ಸುಳ್ಳಿಗೆ."

ಅವನು ಡ್ರಾಯರಿನ ಕೀಲಿ ತೆಗೆದು ಅವಳ ಹಳೆಯ ಕ್ಯಾಮೆರಾ ಹೊರಗಿಟ್ಟ.

ಮುಂದಿನ ಏಳು ದಿನ ಅವಳು ದೇವದುರ್ಗದ ಗುಡ್ಡ, ಮಾನ್ವಿಯ ಕಾಲುವೆಯ ಏರಿ, ಕೃಷ್ಣೆಯ ದಂಡೆ ಎಂದು ತಿರುಗಿದಳು. ಗೀರಿಗೆ ಒಂದು ಉಪಾಯ ಹುಡುಕಿಕೊಂಡಿದ್ದಳು. ಸ್ಟ್ಯಾಂಡಿನ ನಡುಗಂಬ ತಿರುಗಿಸಿ ಕ್ಯಾಮೆರಾವನ್ನು ತಲೆಕೆಳಗಾಗಿ ತೂಗುಹಾಕಿ, ಆಮೇಲೆ ಚಿತ್ರವನ್ನು ನೆಟ್ಟಗೆ ತಿರುಗಿಸಿಕೊಂಡರೆ ಮೇಲಂಚಿನಲ್ಲಿದ್ದ ಗೀರು ಕೆಳಗಿಳಿಯುತ್ತದೆ. ನುಣುಪು ಮುಗಿಲಿನಲ್ಲಿ ಎದ್ದು ಕಾಣುವ ಎಳೆ, ಕಲ್ಲಿನ ಸೀಳುಗಳ ನಡುವೆ ಬಿದ್ದರೆ ಅದೂ ಒಂದು ಸೀಳು. ಅರಕೇರಾದ ಕುರಿ ಕಾಯುವವನೊಬ್ಬ ನಿಂತು ನೋಡಿ, "ಯಾಕ ತಂಗೀ, ತೊಗಲಬಾವಲಿಯಂಗ ತೂಗ ಹಾಕೀ?" ಎಂದು ಕೇಳಿದ. ವಿಡಿಯೋ ಒಂದೊಂದೇ ನಿಮಿಷ ಹಿಡಿದಳು. ಒಂದು ಸಲವೂ ಅದು ಕಣ್ಣು ಮುಚ್ಚಲಿಲ್ಲ.

ಡಿಸೆಂಬರಿನಲ್ಲಿ ಕ್ಯಾಲೆಂಡರ್ ಬಂತು. ಒಂದನ್ನು ಯಮನಮ್ಮ ತಾನೇ ಮೊಳೆ ಹೊಡೆದು ಕಟ್ಟಿದಳು. ಇನ್ನೊಂದನ್ನು ದಾನೇಶ್ವರಿ ಸುರುಳಿ ಸುತ್ತಿಕೊಂಡು ಮಾನ್ವಿಗೆ ಹೋದಳು. ಮಲ್ಲೇಶ ಲಗ್ನಕ್ಕೆ ಹೋಗಿದ್ದ. ಸ್ಟುಡಿಯೋಕ್ಕೆ ಬೀಗ ಇದ್ದದ್ದರಿಂದ ವೀರಭದ್ರಮ್ಮ ಪಕ್ಕದ ಬಾಗಿಲಿನಿಂದ ಪಡಸಾಲೆಯೊಳಕ್ಕೆ ಕರೆದರು. ಚಹಾ ಸ್ಟೀಲ್ ಲೋಟದಲ್ಲಿ ಬಂತು. ಲೋಟ ತೀರಾ ಹೊಸದಿತ್ತು. ಬೇರೆಯಾಗಿ ತೆಗೆದಿಟ್ಟದ್ದೇ ಎಂದು ಅವಳಿಗೆ ಅನಿಸದೆ ಇರಲಿಲ್ಲ. ಕುಡಿದಳು.

ವೀರಭದ್ರಮ್ಮ ಕ್ಯಾಲೆಂಡರನ್ನು ನೆಲದ ಮೇಲೆ ಹರಡಿ, ಜನವರಿಯಿಂದ ಒಂದೊಂದೇ ಹಾಳೆ ಮಗುಚಿದರು. ಗುಡ್ಡ, ಗದ್ದೆ, ಹೊಳೆ ಯಾವುದನ್ನೂ ನೋಡಲಿಲ್ಲ. ಪ್ರತಿ ಹಾಳೆಯ ಮುಗಿಲನ್ನು ಮಾತ್ರ ಕಣ್ಣು ಕಿರಿದು ಮಾಡಿ, ಮೂಲೆಯಿಂದ ಮೂಲೆಗೆ, ಬೆರಳಾಡಿಸಿ ಹುಡುಕಿದರು.

"ಪೂರ್ತಿ ಒರಸಿಬಿಟ್ಟಿ ಏನು?" ಎಂದರು.

"ಇಲ್ರಿ ಯವ್ವಾ. ಅದ, ಇಲ್ಲಿ." ಅವಳು ಅರಕೇರಾದ ಹಾಳೆ ತೆಗೆದು ಕೆಳಗಿನ ಬಂಡೆಯ ಬುಡಕ್ಕೆ ಬೆರಳಿಟ್ಟಳು, ತನ್ನ ಹೆಸರು ಅಚ್ಚಾದ ಜಾಗದಿಂದ ನಾಲ್ಕು ಬೆರಳು ಮೇಲೆ. "ಕಲ್ಲಿನಾಗ ಸೇರ್‍ಯದ."

ಮುದುಕಿ ಹಾಳೆಯ ಮೇಲೆ ಬಗ್ಗಿದರು. ಬಹಳ ಹೊತ್ತು ನೋಡಿದರು. ಅಲ್ಲಿ ಸೀಳುಗಳು ನೂರಿದ್ದವು. ತಲೆಯೆತ್ತಿ ಅವಳ ಮುಖವನ್ನೇ, ಕದ್ದ ಮಾ​ಲು ಎಲ್ಲಿಟ್ಟಿದ್ದಾಳೆಂದು ಹುಡುಕುವವರ ಹಾಗೆ ದಿಟ್ಟಿಸಿದರು.

"ಖರೇನಾ?"